ಜಗಲಿ ಏರಿದ ದಬ್ಬೊ ಕಟಿಗಿ

ಮಗ ಊಟಕ್ಕೆ ಕೂತಾಗ ಅವನ ಕೈಬೆರಳು ಎಣಿಸುವುದು ಕಳಕವ್ವನಿಗೆ ಚಟವಾಗಿಬಿಟ್ಟಿತ್ತು. ರೊಟ್ಟಿ ಮುರಿಯುವ ಬಲಗೈಯಲ್ಲಿ ಐದು, ತಾಟಿನ ಅಂಚು ಹಿಡಿದ ಎಡಗೈಯಲ್ಲಿ ಐದು. ಹತ್ತೂ ಸಿಕ್ಕ ಮೇಲೆಯೇ ಆಕೆ ಪಲ್ಯ ಬಡಿಸುತ್ತಿದ್ದಳು. ಪರಶು ಒಮ್ಮೊಮ್ಮೆ ಬೇಕೆಂದೇ ಒಂದು ಬೆರಳು ಮಡಚಿಕೊಂಡು ಕೂಡುತ್ತಿದ್ದ. ಆಗ ಆಕೆ ಸೌಟು ಎತ್ತಿ, "ಹುಡುಗಾಟಕ್ಕೂ ಹೊತ್ತುಗೊತ್ತು ಬ್ಯಾಡೇನು? ಬಿಚ್ಚು ಬೆರಳ!" ಎಂದು ಗದರುತ್ತಿದ್ದಳು. ಸೊಸೆ ಉಮಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ನಗುವ ಮಾತಲ್ಲ ಅದು. ಕಳಕವ್ವನ ಗಂಡ ಲಕ್ಕಲಕಟ್ಟಿಯಲ್ಲಿ ಒಬ್ಬರ ಹೊಲಮನೆಗೆ ಕೂಲಿ ಹೋಗುತ್ತಿದ್ದಾಗ, ಮೇವು ಕತ್ತರಿಸುವ ಮಷಿನ್ನಿಗೆ ಜೋಳದ ಕಣಿಕೆ ದಬ್ಬುತ್ತ ದಬ್ಬುತ್ತ ಬಲಗೈಯ ಎರಡು ಬೆರಳು ಅದಕ್ಕೇ ಕೊಟ್ಟು ಬಂದಿದ್ದ. ಅಲ್ಲಿಂದಾಚೆ ಕುಡಗೋಲು ಅವನ ಕೈಯಲ್ಲಿ ನಿಲ್ಲಲಿಲ್ಲ. ಜೋಳ ಕೊಯ್ಯುವಾಗ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದ. ಕಳಕವ್ವ ತನ್ನ ಸಾಲು ಮುಗಿಸಿ, ಯಾರೂ ಏನೂ ಅನ್ನುವ ಮೊದಲೇ ಅವನ ಸಾಲಿಗೂ ಕೈ ಹಾಕುತ್ತಿದ್ದಳು. ನಾಲ್ಕು ಜನರ ನಡುವೆ ಕೂತರೆ ಆತ ಬಲಗೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಡುತ್ತಿದ್ದ. ಸಾಯುವತನಕ ಹಾಗೆಯೇ ಮುಚ್ಚಿಟ್ಟ. ಅವನ ಕುಡಗೋಲು ಈಗ ದೇವರ ಜಗಲಿಯ ಮೂಲೆಯಲ್ಲಿದೆ, ಅದನ್ನು ಯಾರೂ ಮುಟ್ಟುವುದಿಲ್ಲ.

ಇಂಥಾ ಮನೆಗೆ ಮಗ ಒಂದು ಗರಗಸದ ಮಷಿನ್ ತಂದು ನಿಲ್ಲಿಸಿದರೆ ತಾಯಿಯ ಜೀವ ಹೇಗಿರಬೇಡ! ಪುಣೆಯಲ್ಲಿ ಫರ್ನಿಚರ್ ಮಾಡುವ ಕಡೆ ಆರು ವರ್ಷ ದುಡಿದ ಪರಶು ಎರಡು ವರ್ಷದ ಹಿಂದೆ ಗಜೇಂದ್ರಗಡಕ್ಕೆ ಮರಳಿದ. ರೋಣದ ರಸ್ತೆಯ ಮಗ್ಗುಲಿಗಿದ್ದ ಮನೆಗೆ ತಗಡಿನ ಶೆಡ್ಡು ಹೊಂದಿಸಿ, ಅದರೊಳಗೆ ಈ ಮಷಿನ್ ಕೂಡಿಸಿದ. ನೋಡಲಿಕ್ಕೆ ಕಬ್ಬಿಣದ ಮೇಜು. ಆದರೆ ಮೇಜಿನ ನಡುವಿನ ಸೀಳಿನಿಂದ ಹಲ್ಲು ಹಲ್ಲಿನ ದುಂಡನೆಯ ಬ್ಲೇಡು ಹಣಿಕಿ ಹಾಕುತ್ತಿತ್ತು. ಗುಂಡಿ ಒತ್ತಿದರೆ ಅದು ತಿರುಗುವ ಸದ್ದಿಗೆ ಕಳಕವ್ವ ಒಳಗೆ ಕೂತಲ್ಲೇ ಸೆರಗಿನ ತುದಿ ಹಿಂಡುತ್ತಿದ್ದಳು. ಮಷಿನ್ನಿಗೆ ಆಕೆ ಇಟ್ಟ ಹೆಸರು 'ನುಂಗಣ್ಣ'.

ಆದರೂ ಮಹಾನವಮಿಗೆ ಆಯುಧಗಳ ಖಂಡೆ ಪೂಜೆ ಮಾಡಿದಾಗ ನುಂಗಣ್ಣನಿಗೂ ಆಕೆಯೇ ವಿಭೂತಿ ಹಚ್ಚಿದಳು. ಸುತ್ತಿಗೆ, ಉಳಿ, ಡ್ರಿಲ್ ಮಷಿನ್, ಅಳತೆಯ ಟೇಪು, ಯಾವುದನ್ನೂ ಬಿಡಲಿಲ್ಲ. ಇವುಗಳ ಜೊತೆಗೆ ಒಂದು ಸಾಗವಾನಿ ತುಂಡೂ ಇತ್ತು. ಒಂದೂವರೆ ಗೇಣು ಉದ್ದ, ಒಂದು ತುದಿಯಲ್ಲಿ ಹಿಡಿಕೆ, ಇನ್ನೊಂದು ತುದಿಯಲ್ಲಿ ಹಿಮ್ಮಡಿಯ ಹಾಗೆ ಒಂದು ಕಚ್ಚು. ಎಂಥದ್ದೋ ಏನೋ, ಅದಕ್ಕೂ ಮೂರು ಬೆರಳು ಎಳೆದಳು, ಕುಂಕುಮ ಇಟ್ಟಳು. ಮರುದಿನ ಬನ್ನಿ ಹಬ್ಬದ ಮುಂಜಾನೆ ನೋಡಿದರೆ ಆ ತುಂಡು ನೆಲದ ಮೇಲೆ ಬಿದ್ದಿತ್ತು. ಪೂಜೆ ಆದದ್ದು ಕಾಲಾಗ ಬರಬಾರದು ಎಂದು ಎತ್ತಿ, ಕಣ್ಣಿಗೆ ಒತ್ತಿಕೊಂಡು, ಹಳದಿ ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲೆ ಕುಡಗೋಲಿನ ಪಕ್ಕ ಇಟ್ಟುಬಿಟ್ಟಳು. ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಶೆಡ್ಡಿನಲ್ಲಿ ಆಕೆ ಮಾಡುತ್ತಿದ್ದ ಕೆಲಸ ಇನ್ನೊಂದು. ದಿನಾ ಮುಂಜಾನೆ ಕಸ ಹೊಡೆದು, ಬಿದ್ದ ಕಟ್ಟಿಗೆ ಚೂರುಗಳನ್ನೆಲ್ಲ ಬುಟ್ಟಿಗೆ ತುಂಬಿ ಸ್ನಾನದ ನೀರಿನ ಒಲೆಗೆ ಹಾಕುವುದು. ಇಷ್ಟು ಚಲೋ ಉರವಲು ಬೆಳವಣಕಿಯ ತವರಿನಲ್ಲೂ ಕಂಡಿರಲಿಲ್ಲ ಎಂದು ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ರೋಣದ ಗುರುಸಂಗಪ್ಪ ಸಾಹುಕಾರರ ಫೋನು ಬಂತು. ಅವರ ಮಗಳು ಶ್ವೇತಾ ಹೆರಿಗೆಗೆಂದು ತವರಿಗೆ ಬಂದವಳು, ದಿನ ತುಂಬುವ ಮೊದಲೇ ಹಡೆದಿದ್ದಳು. ಕೂಸು ಅಂಗೈಯಷ್ಟು. ಗದಗಿನ ದವಾಖಾನೆಯಿಂದ ಸೋಮವಾರ ಮನೆಗೆ ಕಳಿಸುತ್ತಾರೆ, ಆದರೆ ಒಂದು ಸೊಳ್ಳೆಯೂ ಕಡಿಯಬಾರದು ಅಂದಿದ್ದಾರೆ ಡಾಕ್ಟರು. ಹದಿನೆಂಟು ಕಿಟಕಿಯ ಹಳೇ ಮನೆ. ಎಲ್ಲ ಕಿಟಕಿಗೂ ಜಾಳಿಗೆ ಬಡಿಯಬೇಕು. ಜಾಳಿಗೆ ತಂದಾಗಿದೆ, ಅದರ ಅಂಚು ಒತ್ತಿಹಿಡಿಯಲು ಕಿರುಬೆರಳಿಗಿಂತ ತೆಳುವಾದ ಕಟ್ಟಿಗೆ ಪಟ್ಟಿ ಬೇಕು. ಕಿಟಕಿಗೆ ನಾಲ್ಕರಂತೆ ಎಪ್ಪತ್ತೆರಡು ಪಟ್ಟಿ, ಅದೂ ಶನಿವಾರ ಸಂಜೆಯೊಳಗೆ. ಸಾಹುಕಾರರು ಶುಕ್ರವಾರ ಒಂದೇ ದಿನ ಮೂರು ಸಲ ಫೋನ್ ಮಾಡಿದರು. ಮೂರನೇ ಸಲ ಅವರ ದನಿಯಲ್ಲಿ ಸಾಹುಕಾರಿಕೆ ಏನೂ ಉಳಿದಿರಲಿಲ್ಲ ಎಂದು ಪರಶು ಹೇಳಿದ.

ತೆಳು ಪಟ್ಟಿ ಕೊಯ್ಯಲು ಎರಡು ದಾರಿಗಳಿವೆ. ಇದೆಲ್ಲ ಕಳಕವ್ವನಿಗೆ ತಿಳಿದದ್ದು ಆಮೇಲೆ, ನಾವು ಈಗಲೇ ತಿಳಿದುಕೊಂಡರೆ ಒಳ್ಳೆಯದು. ಬ್ಲೇಡಿನ ಬಲಕ್ಕೆ ಮೇಜಿನ ಮೇಲೆ ಒಂದು ನೆಟ್ಟನೆಯ ಕಬ್ಬಿಣದ ಪಟ್ಟಿ ಇರುತ್ತದೆ, ಅದಕ್ಕೆ ಗೈಡು ಅನ್ನುತ್ತಾರೆ. ಹಲಗೆ ಅದಕ್ಕೆ ಆತುಕೊಂಡು ಮುಂದೆ ಸರಿಯಬೇಕು. ಗೈಡನ್ನು ಬ್ಲೇಡಿನ ಮಗ್ಗುಲಿಗೇ ತಂದು ಒಮ್ಮೆ ಬಿಗಿದುಬಿಟ್ಟರೆ ಪಟ್ಟಿಯ ಮೇಲೆ ಪಟ್ಟಿ ಬರುತ್ತಲೇ ಇರುತ್ತದೆ. ಕೆಲಸ ಲಗುಬಗೆ ಆಗುತ್ತದೆ, ಆದರೆ ಕೊಯ್ದ ಪಟ್ಟಿ ಬ್ಲೇಡಿಗೂ ಗೈಡಿಗೂ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ದಾರಿಯಲ್ಲಿ ದಪ್ಪ ಹಲಗೆ ಗೈಡಿನ ಕಡೆಗಿರುತ್ತದೆ, ತೆಳು ಪಟ್ಟಿ ಎಡಕ್ಕೆ, ಬಯಲಿಗೆ ಬೀಳುತ್ತದೆ. ಆದರೆ ಪ್ರತಿ ಪಟ್ಟಿಗೂ ಗೈಡು ಸಡಿಲಿಸಿ, ಸರಿಸಿ, ಮತ್ತೆ ಬಿಗಿಯಬೇಕು. ಪುಣೆಯ ಉಸ್ತಾದ ಅಲ್ಲಾವುದ್ದೀನ ಕಲಿಸಿದ್ದು ಈ ಎರಡನೆಯದನ್ನು. ಎಪ್ಪತ್ತೆರಡು ಸಲ ಯಾರು ಬಿಚ್ಚಿ ಬಿಗಿಯುತ್ತ ಕೂಡಬೇಕು ಎಂದು ಪರಶು ಶನಿವಾರ ಮುಂಜಾನೆ ಮೊದಲನೆಯದನ್ನು ಹಿಡಿದ. ಗಂಡಸರ ಬುದ್ಧಿಗೆ ಅವಸರ ಒಂದು ಹತ್ತಿಕೊಂಡರೆ ಮುಗಿಯಿತು.

ಕಳಕವ್ವ ಚಹಾ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಳು. ಪಕ್ಕದಲ್ಲಿ ಜೋಳದ ಚೀಲ ಗೋಡೆಗೆ ಒರಗಿತ್ತು. ಮಗ ಹಲಗೆಯನ್ನು ಬೆರಳಿನಿಂದಲೇ ದಬ್ಬುತ್ತಿದ್ದ. ಹೆಬ್ಬೆರಳು ಬ್ಲೇಡಿನ ಹತ್ತಿರ, ಹತ್ತಿರ, ಇನ್ನೂ ಹತ್ತಿರ. ಕೂಗಿದರೆ ಬೆಚ್ಚಿ ಕೈ ಅಲ್ಲಿಗೇ ಹೋದೀತೆಂದು ಆಕೆ ಬಾಯಿ ಬಿಗಿಹಿಡಿದಳು. ಅಷ್ಟರಲ್ಲಿ 'ಟಕ್' ಅಂತು. ಏನೋ ಒಂದು ಗಾಳಿ ಸೀಳಿಕೊಂಡು ಆಕೆಯ ಸೀರೆಯ ನಿರಿಗೆ ಸವರಿ ಹೋಯಿತು.

ಸದ್ದು ಕೇಳಿ ಒಳಗಿನಿಂದ ಉಮಾ ಓಡಿಬಂದು ಸ್ವಿಚ್ಚು ಆರಿಸಿದಳು.

ಚಹಾದ ಕಪ್ಪು ಕೆಳಗೆ ಬಿದ್ದಿತ್ತು. ಜೋಳದ ಚೀಲದಲ್ಲಿ ಒಂದು ತೆಳು ಪಟ್ಟಿ ಗೇಣುದ್ದ ಒಳಗೆ ಹೊಕ್ಕು ನಿಂತಿತ್ತು. ಅದು ಹೊಕ್ಕ ತೂತಿನಿಂದ ಜೋಳ ಸರಸರನೆ ಸುರಿಯತೊಡಗಿತು. ಪಟ್ಟಿ ಸಿಕ್ಕಿಕೊಂಡು ಹಿಂದಕ್ಕೆ ಹಾರಿತ್ತು. ಪರಶು ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಮಗ್ಗುಲಾಗಿ ನಿಂತಿದ್ದ, ಉಸ್ತಾದ ಕಲಿಸಿದ ಅದೊಂದು ರೂಢಿ ಮೈಯಲ್ಲಿ ಉಳಿದಿತ್ತು, ಅದಕ್ಕೇ ಹೊಟ್ಟೆ ಉಳಿಯಿತು. ಕೈ?

ಕಳಕವ್ವ ಹೋದವಳೇ ಮಗನ ಎರಡೂ ಕೈ ಹಿಡಿದು ತಿರುವಿ ನೋಡಿದಳು. ಒಂದು, ಎರಡು, ಮೂರು... ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದಳು. ಹತ್ತಿದ್ದವು. ಬಲಗೈ ಹೆಬ್ಬೆರಳಿನ ಉಗುರಿನ ತುದಿ ಮಾತ್ರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೀಟಾಗಿ ಹೋಗಿತ್ತು. ರಕ್ತವಿರಲಿಲ್ಲ. ಆಕೆ ಅಲ್ಲೇ ಕಟ್ಟಿಗೆ ಪುಡಿಯ ಮೇಲೆ ಕುಸಿದು ಕೂತಳು.

"ಇನ್ನೊಂದು ಜೋಳದ ಕಾಳಿನಷ್ಟು ಹೋಗಿದ್ರ ಹೆಬ್ಬೆರಳ ಇರತಿದ್ದಿಲ್ಲೊ ಮಗನ!" ಎಂದು ಆಕೆ ಎದೆ ಬಡಿದುಕೊಂಡಳು. "ನಿಮ್ಮಪ್ಪನ ಕೈ ನೋಡಿ ಬೆಳದಾಂವ ನೀನು. ಕಣ್ಣ ಇದ್ದೂ ಕುರುಡ ಆದ್ಯಲ್ಲೊ!"

ಪರಶುವಿನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಕೇಳಿದವಳು ಉಮಾ. "ನಿಮ್ಮ ದಬ್ಬೊ ಕಟಿಗಿ ಎಲ್ಲೈತ್ರಿ? ಪುಣೇದಾಗ ಬೆರಳ ಹಚ್ಚಿ ದಬ್ಬಿದವರಿಗೆ ಉಸ್ತಾದ ಊಟ ಕೊಡತಿದ್ದಿಲ್ಲ ಅಂತ ನೀವ ಹೇಳೀರಿ."

"ಎಲ್ಲಿ ಐತೇ?" ಪರಶು ಖಾಲಿ ಮೂಲೆ ತೋರಿಸಿದ. "ಉಸ್ತಾದ ಕೊಟ್ಟಿದ್ದು ಖಂಡೇ ಪೂಜಿ ದಿನದಿಂದ ಕಾಣವಲ್ದು. ಆಮ್ಯಾಲ ನಾನ ಮೂರು ಮಾಡೀನಿ. ಸಂಜಿಕ ಮಷಿನ್ ಮ್ಯಾಲ ಇಡತೀನಿ, ಮುಂಜಾನಿ ನೋಡಿದ್ರ ಮಾಯ. ಇಲಿ ಒಯ್ಯತಾವೊ, ಓಣಿ ಹುಡುಗ್ರು ಒಯ್ಯತಾರೊ, ಯಾಂವಗ ಗೊತ್ತು! ಬ್ಯಾಸತ್ತು ಬಿಟ್ಟುಬಿಟ್ಟೆ."

"ಅದು ಹ್ಯಾಂಗಿರತೈತಿ?" ಎಂದು ಕಳಕವ್ವ ಕೇಳಿದಳು. ಕೇಳುವಾಗಲೇ ಆಕೆಯ ದನಿ ಇಳಿದುಹೋಗಿತ್ತು.

"ಒಂದೂವರಿ ಗೇಣು ಕಟಿಗಿಬೇ. ಹಿಡಕಿ ಇರತೈತಿ, ಮುಂದ ಒಂದು ಕಚ್ಚು. ಹಲಗಿ ಬ್ಲೇಡಿನ ಹತ್ತರ ಹ್ವಾದಂಗ ಕೈ ತಗದು ಅದರಲೆ ದಬ್ಬೂದು. ಕಡಿದ್ರೂ ಅದನ್ನ ಕಡೀತೈತಿ, ಬೆರಳಿಗೆ ಬರೂದಿಲ್ಲ."

ಕಳಕವ್ವನಿಗೆ ನೀರಿನ ಒಲೆ ಕಣ್ಣೆದುರು ಬಂತು. ಮೂರೂ ನೆನಪಾದವು. ಒಂದರ ಹಿಡಿಕೆ ಎಷ್ಟು ನುಣ್ಣಗಿತ್ತು ಎಂದರೆ, ಒಲೆಗೆ ಹಾಕುವ ಮೊದಲು ಒಮ್ಮೆ ಕೈಯಾಡಿಸಿಯೂ ನೋಡಿದ್ದಳು. ವಿಭೂತಿ ಹಚ್ಚಿದ್ದು ದೇವರು, ಹಚ್ಚದ್ದು ಉರವಲು, ಇಷ್ಟೇ ಆಕೆಯ ತಿಳುವಳಿಕೆ. ದೇವರಾದದ್ದನ್ನು ಮೇಲೇರಿಸಿದಳು, ಉಳಿದದ್ದನ್ನು ಸುಟ್ಟಳು. ಮಗನ ಬೆರಳು ಕಾಯುವ ಕಟ್ಟಿಗೆ ಕಸಿದುಕೊಂಡವಳು ತಾನು, ದಿನಾ ಅದೇ ಬೆರಳು ಎಣಿಸುತ್ತ ಕೂತವಳೂ ತಾನು!

ಹೇಳದೆ ಇರಬಹುದಿತ್ತು. ಜಗಲಿಯಿಂದ ಇಳಿಸಿ, ಮಷಿನ್ನಿನ ಹಿಂದೆ ಎಲ್ಲೋ ಬಿಸಾಕಿ, 'ಇಲ್ಲೇ ಐತಿ ನೋಡಪಾ' ಅಂದರೆ ಯಾರಿಗೆ ತಿಳಿಯುತ್ತಿತ್ತು? ಆ ವಿಚಾರ ಆಕೆಗೆ ಬಂದದ್ದು ಖರೆ. ಎದ್ದು ಒಳಗೆ ಹೋದಳು. ಜಗಲಿಯ ಮುಂದೆ ನಿಂತು, "ತಪ್ಪಾತಪಾ ಕಾಲಕಾಲೇಶ್ವರಾ, ನಿನಗ ಕೊಟ್ಟಿದ್ದು ವಾಪಸ್ ಒಯ್ಯಾಕತ್ತೀನಿ" ಎಂದು ಕೈಮುಗಿದು ಹಳದಿ ಬಟ್ಟೆಯ ಗಂಟು ಕೆಳಗಿಳಿಸಿದಳು. ಪಕ್ಕದಲ್ಲಿ ಗಂಡನ ಕುಡಗೋಲು ಇತ್ತು. ಅದನ್ನು ನೋಡಿದ ಮೇಲೆ ಸುಳ್ಳಾಡುವ ಧೈರ್ಯ ಉಳಿಯಲಿಲ್ಲ.

ಶೆಡ್ಡಿಗೆ ಬಂದು ಗಂಟು ಬಿಚ್ಚಿ ಮಗನ ಮುಂದೆ ಹಿಡಿದಳು. ವಿಭೂತಿ ಇನ್ನೂ ಹಾಗೇ ಇತ್ತು. "ಇದನ್ನ ಜಗಲಿ ಮ್ಯಾಲ ಇಟ್ಟಾಕಿ ನಾನ. ನೀ ಮಾಡಿದ್ದು ಮೂರೂ ಒಲಿಗೆ ಹಾಕಿದಾಕೀನೂ ನಾನ. ಬೈಯೊ, ಎಷ್ಟು ಬೈಯ್ತಿ ಬೈದುಬಿಡು."

ಪರಶು ತಾಯಿಯನ್ನು ನೋಡಿದ, ಕಟ್ಟಿಗೆಯನ್ನು ನೋಡಿದ. ನೋಡನೋಡುತ್ತ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಉಮಾಳೂ ನಕ್ಕಳು. ಅವರು ನಗುವುದನ್ನು ಕಂಡು ಕಳಕವ್ವ ಅತ್ತುಬಿಟ್ಟಳು. ಎದೆಯ ಮೇಲಿನ ಬಂಡೆ ಇಳಿದ ಅಳು ಅದು, ಆಕೆಗೇ ಹಗುರೆನಿಸಿತು.

"ಅಂದ್ರ ಈ ಒಂದು ತಿಂಗಳು ನಾ ಬೈಕೊಂಡಿದ್ದು ಇಲಿಗೋಳಿಗೆ!" ಪರಶು ಕಣ್ಣೊರೆಸಿಕೊಂಡ. "ಅಳಬ್ಯಾಡಬೇ. ನಿಂದೇನು ತಪ್ಪು? ಕಟಿಗಿ ಕಳೀತು ಅಂತ ಬೆರಳ ಹಚ್ಚಿದ್ದು ನಾನು. ನಿನ್ನ ಕೇಳಲಿಲ್ಲ, ಇನ್ನೊಂದು ಮಾಡಲಿಲ್ಲ, ಗೈಡು ಸರಸಾಕ ಮೈಗಳ್ಳತನ ಮಾಡಿದೆ. ಬಾ, ಇಲ್ಲಿ ಕುಂದರು. ಚಂದಂಗ ಮಾಡೂದು ಹ್ಯಾಂಗ ನೋಡು."

ಆಕೆಯನ್ನು ಬ್ಲೇಡಿನ ನೇರಕ್ಕಲ್ಲದೆ ದೂರ ಮಗ್ಗುಲಿಗೆ ಸ್ಟೂಲಿನ ಮೇಲೆ ಕೂಡಿಸಿದ. ಚೀಲದ ತೂತಿಗೆ ಉಮಾ ಅರಿವೆ ತುರುಕಿದಳು. ಪರಶು ಬ್ಲೇಡನ್ನು ಹಲಗೆಗಿಂತ ಒಂಚೂರೇ ಮೇಲೆ ಕಾಣುವಷ್ಟು ಇಳಿಸಿದ. ಬ್ಲೇಡಿನ ಪಕ್ಕದ ಸೀಳು ಅಗಲವಿತ್ತು, ತೆಳು ಪಟ್ಟಿ ಅದರೊಳಗೆ ಜಾರಿ ಬೀಳದ ಹಾಗೆ ತೆಳ್ಳನೆಯ ಪ್ಲೈವುಡ್ಡು ಹೊಂದಿಸಿದ. ಆಮೇಲೆ ಬ್ಲೇಡಿನ ಎಡಕ್ಕೆ ಪಟ್ಟಿಯ ದಪ್ಪದಷ್ಟೇ ದೂರಕ್ಕೆ, ಹಲ್ಲಿಗಿಂತ ಈಚೆಗೇ, ಒಂದು ಮರದ ತುಂಡನ್ನು ಗುಟ್ಟವಾಗಿ ಬಿಗಿದ. ಪ್ರತಿ ಸಲ ಹಲಗೆಯನ್ನು ಆ ಗುಟ್ಟಕ್ಕೆ ತಾಗಿಸಿ, ಗೈಡನ್ನು ಹಲಗೆಗೆ ತಾಗಿಸಿ ಬಿಗಿದರೆ ಆಯಿತು, ಅಳತೆ ಹಿಡಿಯುವುದೇ ಬೇಡ. ಕೊನೆಗೆ ಅವನ ಮಣಿಕಟ್ಟಿನಲ್ಲಿ ಜೋತಾಡುತ್ತಿದ್ದ ಗುಡಿಯ ದಾರದ ತುದಿಯನ್ನು ಉಮಾ ಕತ್ತರಿ ತಂದು ಕತ್ತರಿಸಿದಳು. ಕಳಕವ್ವ ತಕರಾರು ಮಾಡಲಿಲ್ಲ, ನಿನ್ನೆಯಾಗಿದ್ದರೆ ಮಾಡುತ್ತಿದ್ದಳು.

ಮಷಿನ್ ಶುರುವಾಯಿತು. ಹಲಗೆ ಮುಂದೆ ಸರಿಯಿತು, ಕೈ ಹಿಂದೆ ಉಳಿಯಿತು, ಸಾಗವಾನಿ ಕಟ್ಟಿಗೆ ಮುಂದೆ ಹೋಯಿತು. ಪಟ್ಟಿ ಬ್ಲೇಡಿನ ಎಡಕ್ಕೆ ತನ್ನ ಪಾಡಿಗೆ ತಾನು ಬಿದ್ದುಕೊಂಡಿತು. ಹಾರಲಿಲ್ಲ, ಸಿಕ್ಕಿಕೊಳ್ಳಲಿಲ್ಲ. ಐದು ಪಟ್ಟಿಯತನಕ ಕಳಕವ್ವ ಉಸಿರು ಹಿಡಿದಿದ್ದಳು. ಹತ್ತಾದ ಮೇಲೆ ಸೆರಗು ಬಿಟ್ಟಳು. ಮೂವತ್ತಾಗುವ ಹೊತ್ತಿಗೆ, "ಗೈಡ ಬಿಗದಿಲ್ಲ ನೋಡು ಇನ್ನಾ!" ಎಂದು ಮಗನಿಗೇ ಹೇಳುವಷ್ಟು ಪಳಗಿಬಿಟ್ಟಿದ್ದಳು. ಎಪ್ಪತ್ತೆರಡು ಸಲ ಸರಿಸಿ ಬಿಗಿದರೂ ಮಧ್ಯಾಹ್ನದ ಊಟ ಬಿಟ್ಟರೆ ಹೊತ್ತೇನೂ ಹಾಳಾಗಲಿಲ್ಲ.

ಎಪ್ಪತ್ತನೆಯ ಪಟ್ಟಿಗೆ ಹಲಗೆ ತೀರಾ ಸಣ್ಣದಾಗಿತ್ತು. ದಬ್ಬೊ ಕಟ್ಟಿಗೆಯ ಮೂತಿ ಬ್ಲೇಡಿಗೆ ತಾಗಿ 'ಕರ್' ಎಂದಿತು. ಪರಶು ಅದನ್ನು ತಿರುಗಿಸಿ ನೋಡಿ, ನಕ್ಕು, ಕೆಲಸ ಮುಂದುವರಿಸಿದ.

ಕೊನೆಯ ಪಟ್ಟಿ ಬಿದ್ದು ಮಷಿನ್ ಆರಿಸುವುದಕ್ಕೂ ಗುರುಸಂಗಪ್ಪನವರ ಜೀಪು ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಆಳಿನ ಕೈಲಿ ಹೇಳಿಕಳಿಸದೆ ಸ್ವತಃ ಬಂದಿದ್ದರು. "ಆತೇನೊ ಪರಶು? ಆತೇನು?" ಎನ್ನುತ್ತ ನೆಟ್ಟಗೆ ಮೇಜಿನ ಹತ್ತಿರ ಬಂದು, ಬ್ಲೇಡಿನ ಪಕ್ಕ ಬಿದ್ದಿದ್ದ ಪಟ್ಟಿಗೆ ಕೈ ಚಾಚಿದರು. ಮೋಟರಿನ ಸದ್ದು ನಿಂತರೆ ಬ್ಲೇಡೂ ನಿಂತಿತು ಎಂದುಕೊಳ್ಳುವವರು ಸಾಹುಕಾರರು ಒಬ್ಬರೇ ಅಲ್ಲ.

ಕಳಕವ್ವ ಎದ್ದದ್ದು ಯಾರಿಗೂ ಕಾಣಲಿಲ್ಲ. ಎಣಿಸಲೆಂದು ಕೈಯಲ್ಲಿ ಹಿಡಿದಿದ್ದ ಪಟ್ಟಿಯಿಂದ ಸಾಹುಕಾರರ ಮಣಿಕಟ್ಟಿನ ಮೇಲೆ 'ಪಟ್' ಎಂದು ಒಂದು ಬಿಟ್ಟಳು. "ತಗೀರಿ ಕೈ!"

ಈ ಸಾಹುಕಾರರ ಹೊಲದಲ್ಲಿ ಕಳಕವ್ವನೂ ಎಷ್ಟೋ ಹಂಗಾಮು ಕಳೆ ತೆಗೆದವಳು. ಅವರೆದುರು ಕೂತು ಮಾತಾಡಿದವಳೂ ಅಲ್ಲ. ಸಾಹುಕಾರರು ಕೆಂಪಾದ ಮುಖ ಎತ್ತಿ ಏನೋ ಅನ್ನಬೇಕು ಎನ್ನುವಷ್ಟರಲ್ಲಿ ಅವರ ಕಣ್ಣೆದುರೇ ಮಂಜಿನಂತೆ ತಿರುಗುತ್ತಿದ್ದ ಬ್ಲೇಡು ನಿಧಾನವಾಗಿ, ಒಂದೊಂದಾಗಿ ಹಲ್ಲು ಕಾಣತೊಡಗಿದವು. ಇನ್ನೂ ತಿರುಗುತ್ತಲೇ ಇತ್ತು. ಎರಡು ಸುತ್ತು, ಒಂದು ಸುತ್ತು, ಆಮೇಲೆ ನಿಂತಿತು.

"ಅದು ಸದ್ದ ಮಾಡದನ ನುಂಗತೈತ್ರಿ ಸಾವಕಾರ್ರ," ಎಂದಳು ಕಳಕವ್ವ. "ಸೋಮವಾರ ಇದ ಕೈಲೆ ಕೂಸಿನ್ನ ಎತ್ತಗೋಬೇಕಲ್ರಿ ನೀವು."

ಗುರುಸಂಗಪ್ಪ ತಮ್ಮ ಕೈಯನ್ನು ತಿರುವಿ ನೋಡಿಕೊಂಡರು. "ನಮ್ಮವ್ವ ಹ್ವಾದ ಮ್ಯಾಲ ನನ್ನ ಹೊಡದಾಕಿ ನೀನ ನೋಡಬೇ ಕಳಕವ್ವ," ಎಂದು ಹೇಳಿ, ಸ್ಟೂಲು ಎಳೆದುಕೊಂಡು ಕೂತು, ಜೋರಾಗಿ ಉಸಿರು ಬಿಟ್ಟರು. "ಒಂದು ಚಹಾ ಮಾಡಸವಾ."

ಚಹಾ ಕುಡಿದು, ಪಟ್ಟಿ ತುಂಬಿಕೊಂಡು, ನಾಳೆ ಮುಂಜಾನೆಯೇ ಬಂದು ಬಡಿದುಕೊಡಬೇಕೆಂದು ಪರಶುವಿಗೆ ಹೇಳಿ ಅವರು ಹೋದರು. ಅಷ್ಟರೊಳಗೆ ಕಳಕವ್ವ ಅವರ ಕೈಬೆರಳನ್ನೂ ಕದ್ದು ಎಣಿಸಿದ್ದಳು.

ಸಂಜೆ ಪರಶು ಚೂರು ಹಲಗೆಗಳಿಂದ ನಾಲ್ಕು ಹೊಸ ದಬ್ಬೊ ಕಟ್ಟಿಗೆ ಮಾಡಿ, ಗೋಡೆಗೆ ಮೊಳೆ ಬಡಿದು ಸಾಲಾಗಿ ತೂಗುಹಾಕಿದ. ಉಮಾ ಒಂದೊಂದರ ಹಿಡಿಕೆಗೂ ಅರಿಷಿಣ ಬಳಿದಳು. "ಅರಿಷಿಣ ಇದ್ದದ್ದು ಒಲಿಗೂ ಇಲ್ಲ, ಜಗಲಿಗೂ ಇಲ್ಲ. ತಿಳೀತ್ರಿ ಅತ್ತಿ?" ಎಂದಳು.

"ತಿಳೀತ ಬಿಡವಾ, ಹಂಗಿಸಬ್ಯಾಡ."

ಉಸ್ತಾದ ಕೊಟ್ಟ ಹಳೆಯದನ್ನು ಪರಶು ಉರವಲಿನ ಬುಟ್ಟಿಗೆ ಒಗೆದ. "ಇದರದ ಮುಗೀತಬೇ. ಮೂತಿ ಹೋಗೇತಿ. ಕಡಿಸಿಕೊಂಡದ್ದನ್ನ ಒಗದು ಹೊಸಾದು ಮಾಡ್ಕೊ ಅಂತಿದ್ದ ಉಸ್ತಾದ. ಈಗ ಖರೇನ ಒಲಿಗೆ ಹಾಕು."

ಕಳಕವ್ವ ಬುಟ್ಟಿಯಿಂದ ಅದನ್ನು ಎತ್ತಿಕೊಂಡಳು. ತುದಿಯಲ್ಲಿ ಬ್ಲೇಡು ಕಡಿದ ಗಾಯ ಆಳವಾಗಿತ್ತು, ಅದರ ಅಂಚು ಇನ್ನೂ ಒರಟು. ಆಕೆ ಅದರೊಳಗೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಸರಿಯಾಗಿ ಒಂದು ಬೆರಳಿನಷ್ಟೇ ಇತ್ತು.

ಒಲೆಯ ಕಡೆ ಹೋಗಲಿಲ್ಲ. ಜಗಲಿಯ ಮುಂದೆ ಕೂತು, ಅದೇ ಹಳದಿ ಬಟ್ಟೆ ಹಾಸಿ, ಕಟ್ಟಿಗೆಯನ್ನು ಗಂಡನ ಕುಡಗೋಲಿನ ಮಗ್ಗುಲಿಗೆ ಇಟ್ಟಳು. "ಮೇವಿನ ಮಷಿನ್ ಮುಂದ ನಿನಗ ಯಾರೂ ಇಂಥಾದೊಂದು ಕೊಡಲಿಲ್ಲಲ್ಲೊ," ಎಂದು ಆ ಕುಡಗೋಲಿಗೆ ಮೆಲ್ಲಗೆ ಹೇಳಿದಳು. "ಒಂದ ಒಂದು ತುಂಡು ಕಟಿಗಿ ಸಾಕಾಗಿತ್ತು." ದುಃಖ ಬಂತು, ಆದರೆ ಅದರ ಬೆನ್ನಿಗೇ ಶೆಡ್ಡಿನಿಂದ ಮಗ ಏನೋ ಗುನುಗುವುದು ಕೇಳಿಸಿತು. ಕಣ್ಣೊರೆಸಿಕೊಂಡು ಎದ್ದಳು.

ಊಟಕ್ಕೆ ಕೂತಾಗ ಪರಶು ಬೇಕೆಂದೇ ಎರಡು ಬೆರಳು ಮಡಚಿಕೊಂಡ. ಕಳಕವ್ವ ನೋಡಲಿಲ್ಲ, ನೇರ ಪಲ್ಯ ಬಡಿಸಿದಳು. ಅವನು ಕೈಯನ್ನು ಇನ್ನಷ್ಟು ಮುಂದೆ ಹಿಡಿದ.

"ಯಾಕಬೇ, ಇವತ್ತ ಎಣಸಲಿಲ್ಲ?"

"ರೊಟ್ಟಿ ಆರತಾವು, ಸುಮ್ನ ಉಣ್ಣು," ಎಂದಳು ಕಳಕವ್ವ.